ಸೀಮೆಯಾಚೆಯ ತೊಟ್ಟಿಲು

ವಿದೇಶಕ್ಕೆ ಹಣ ಕಳುಹಿಸಬಯಸುವವರು ಬ್ಯಾಂಕಿನಲ್ಲಿ ಭರ್ತಿ ಮಾಡಿಕೊಡಬೇಕಾದ ಅರ್ಜಿಯಲ್ಲಿ ‘ಉದ್ದೇಶ’ ಎಂಬ ಒಂದು ಕಲಮು ಇರುತ್ತದೆ. ಮಗನ ವ್ಯಾಸಂಗ, ಪ್ರವಾಸ, ಬಂಧುಗಳ ಪೋಷಣೆ, ವೈದ್ಯಕೀಯ ಚಿಕಿತ್ಸೆ, ಹೀಗೆ ಒಂದೊಂದಕ್ಕೂ ಒಂದೊಂದು ಸಂಕೇತಸಂಖ್ಯೆಯುಂಟು. ಕಳೆದ ವರ್ಷ ನಮ್ಮ ಶಾಖೆಗೆ ಬಂದ ಕನ್ನಡಿಗ ದಂಪತಿಗಳು ಆ ಕಲಮಿನಲ್ಲಿ ‘ವೈದ್ಯಕೀಯ ಚಿಕಿತ್ಸೆ’ ಎಂದು ನಮೂದಿಸಿದ್ದರು. ಜೊತೆಗಿಟ್ಟಿದ್ದ ಕರಾರುಪತ್ರವನ್ನು ಓದಿ ನೋಡಿದಾಗ, ಚಿಕಿತ್ಸೆ ಪಡೆಯಬೇಕಾದವರು ಅವರಿಬ್ಬರಲ್ಲಿ ಯಾರೂ ಅಲ್ಲವೆಂಬುದು ತಿಳಿದುಬಂತು. ರೋಗಿಯ ಸ್ಥಾನದಲ್ಲಿದ್ದವಳು ಬೇರೊಂದು ದೇಶದ ಹೆಂಗಸು. ಆಕೆಗೆ ಆ ಪತ್ರದಲ್ಲಿ ಹೆಸರಿರಲಿಲ್ಲ. ‘ಗರ್ಭ ಧರಿಸುವ ವ್ಯಕ್ತಿ’ ಎಂದಷ್ಟೇ ಇತ್ತು.

ಅವರ ಅನುಮತಿಯನ್ನು ಪಡೆದು, ಗುರುತು ಸಿಕ್ಕದಂತೆ, ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ನಿಗೆ 41 ವರ್ಷ, ಪತಿಗೆ 45. ಕೆಲವು ವರ್ಷಗಳ ಹಿಂದೆ ಹೆರಿಗೆಯ ಸಮಯದಲ್ಲಿ ತೀವ್ರ ರಕ್ತಸ್ರಾವವಾಗಿ, ಮಗುವೂ ಉಳಿಯದೆ, ತಾಯಿಯ ಜೀವವನ್ನು ಕಾಪಾಡಲು ವೈದ್ಯರು ಗರ್ಭಕೋಶವನ್ನೇ ತೆಗೆದುಹಾಕಬೇಕಾಯಿತು. ಅಂಡಾಶಯಗಳು ಉಳಿದವು. ಅವುಗಳಿಂದ ಅಂಡಗಳನ್ನು ತೆಗೆದು, ಪತಿಯ ವೀರ್ಯಾಣುಗಳೊಡನೆ ಸಂಯೋಗಗೊಳಿಸಿ, ಮೂರು ಭ್ರೂಣಗಳನ್ನು ಈ ನಗರದ ಒಂದು ಚಿಕಿತ್ಸಾಲಯದಲ್ಲಿ ಶೈತ್ಯೀಕರಿಸಿ ಇಟ್ಟಿದ್ದಾರೆ. ಗದಗಿನಲ್ಲಿರುವ ಅಕ್ಕನ ಮಗಳೊಬ್ಬಳು, ಎರಡು ಮಕ್ಕಳ ತಾಯಿ, ‘ಚಿಕ್ಕಮ್ಮಾ, ನಾನು ಹೊತ್ತುಕೊಡುತ್ತೇನೆ’ ಎಂದು ತಾನಾಗಿಯೇ ಮುಂದೆ ಬಂದಳಂತೆ. ಆದರೆ ಆಕೆಗೆ ಆಗಲೇ 36 ತುಂಬಿತ್ತು. ನಮ್ಮ ಕಾಯಿದೆ ಅನುಮತಿಸುವುದು 35ರವರೆಗೆ ಮಾತ್ರ. ಮನೆಯೊಳಗಿನ ಬಾಗಿಲು ಹೀಗೆ ಮುಚ್ಚಿಕೊಂಡಾಗ, ಹಣವಿದ್ದರೆ ತೆರೆಯುವ ದೂರದ ಬಾಗಿಲೊಂದು ಅವರ ಕಣ್ಣಿಗೆ ಬಿತ್ತು.

ನಾನು ವೈದ್ಯನಲ್ಲ. ಆದರೆ ಅಂದಿನಿಂದ ಈ ವಿಷಯವನ್ನು ಕುರಿತು ಓದಿದೆ, ಬಲ್ಲವರನ್ನು ಕೇಳಿದೆ. ನಮ್ಮ ಸಂಘದ ಸದಸ್ಯರಲ್ಲೇ ಇಂತಹ ಯೋಚನೆಯಲ್ಲಿರುವ ಒಂದೆರಡು ಕುಟುಂಬಗಳು ಇವೆಯೆಂದು ಕೇಳಿಬಂದುದರಿಂದ, ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇನೆ.

ಸಂತಾನಕ್ಕಾಗಿ ದೂರ ಹೋಗುವುದು ನಮಗೆ ಹೊಸತೇನಲ್ಲ. ಕುಕ್ಕೆಗೆ, ಘಾಟಿಗೆ ಹೋಗಿ ನಾಗಪ್ರತಿಷ್ಠೆ ಮಾಡಿಸಿದವರು ನಮ್ಮ ಹಿರಿಯರು. ದೇವಕಿಯ ಗರ್ಭವು ರೋಹಿಣಿಯ ಉದರಕ್ಕೆ ಸಾಗಿ ಬಲರಾಮನು ಹುಟ್ಟಿದನೆಂಬ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಆದರೆ ಕಥೆಗೂ ವಿಜ್ಞಾನಕ್ಕೂ ನಡುವಣ ಅಂತರವನ್ನು ದಾಟಿದ್ದು 1978ರಲ್ಲಿ. ಆ ವರ್ಷದ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ, ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಇವರ ಪರಿಶ್ರಮದಿಂದ ಜಗತ್ತಿನ ಮೊದಲ ಪ್ರನಾಳ ಶಿಶು ಜನಿಸಿತು. ಕೇವಲ ಎಪ್ಪತ್ತು ದಿನಗಳ ಅನಂತರ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯದು ಹುಟ್ಟಿತು. ಅವರನ್ನು ಯಾರೂ ನಂಬಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ಅವರ ಹೇಳಿಕೆಯನ್ನು ತಳ್ಳಿಹಾಕಿತು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಬಹುಕಾಲದವರೆಗೆ ಭಾರತದ ಪ್ರಥಮ ಪ್ರನಾಳ ಶಿಶುವೆಂದು ದಾಖಲೆಯಲ್ಲಿದ್ದುದು 1986ರ ಆಗಸ್ಟ್ 6ರಂದು ಇದೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಹುಟ್ಟಿದ ಹೆಣ್ಣುಮಗು. ಆ ಕಾರ್ಯದಲ್ಲಿ ಪಾಲುಗೊಂಡಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರೇ ಮುಂದೆ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗನ ಪಟ್ಟ ತಮ್ಮ ತಂಡದ್ದಲ್ಲ, ಆ ವೈದ್ಯರದೆಂದು 1997ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ತನ್ನ ಖಾತೆಯಲ್ಲಿ ಜಮೆಯಾದುದನ್ನು ತಾನೇ ಬೇರೆಯವರ ಖಾತೆಗೆ ವರ್ಗಾಯಿಸುವವರನ್ನು ನನ್ನ ವೃತ್ತಿಯಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ.

ಚಿಕಿತ್ಸೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಸುಮಾರು ಎಂಟರಿಂದ ಹದಿನಾಲ್ಕು ದಿನಗಳ ಕಾಲ ಹಾರ್ಮೋನು ಚುಚ್ಚುಮದ್ದುಗಳನ್ನು ಕೊಟ್ಟು ಅಂಡಾಶಯದಲ್ಲಿ ಹಲವು ಅಂಡಗಳು ಒಟ್ಟಿಗೆ ಬಲಿಯುವಂತೆ ಮಾಡುತ್ತಾರೆ. ಅವನ್ನು ಸೂಜಿಯ ಮೂಲಕ ಹೊರತೆಗೆದು, ಪ್ರಯೋಗಶಾಲೆಯಲ್ಲಿ ವೀರ್ಯಾಣುಗಳೊಡನೆ ಕೂಡಿಸಿ, ಮೂರನೆಯ ಅಥವಾ ಐದನೆಯ ದಿನ ಭ್ರೂಣವನ್ನು ಗರ್ಭಕೋಶದೊಳಗೆ ಇಡುತ್ತಾರೆ. ಆ ಗರ್ಭಕೋಶ ಇನ್ನೊಬ್ಬಳದಾದರೆ ಅದು ಬಾಡಿಗೆ ತಾಯ್ತನ. ಈ ಪದವನ್ನು ಕೆಲವರು ಒಪ್ಪುವುದಿಲ್ಲ. ಆದರೆ ಪತ್ರಿಕೆಗಳಲ್ಲಿ ರೂಢಿಗೆ ಬಂದುಬಿಟ್ಟಿದೆ. 35ರೊಳಗಿನ ಸ್ತ್ರೀಯರಲ್ಲಿಯೂ ಒಂದು ಸಲದ ಯತ್ನ ಮೂರರಲ್ಲಿ ಒಂದರಷ್ಟೇ ಫಲಿಸುತ್ತದೆಂದು ಸ್ಥೂಲವಾಗಿ ಹೇಳಬಹುದು. 40 ದಾಟಿದ ಮೇಲೆ ಸ್ವಂತ ಅಂಡಗಳಿಂದ ಫಲಿಸುವ ಸಂಭವ ಬಹಳ ಕುಗ್ಗುತ್ತದೆ. ಭ್ರೂಣದ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಂಡವನ್ನು ತೆಗೆದಾಗಿನ ವಯಸ್ಸು, ಗರ್ಭಕೋಶದ ವಯಸ್ಸಲ್ಲ.

ಹೊರದೇಶಕ್ಕೆ ಹೋಗುವವರು ಮರೆಯುವ ಎರಡು ಅಪಾಯಗಳಿವೆ. ಚುಚ್ಚುಮದ್ದಿನ ಪ್ರಭಾವ ಮಿತಿಮೀರಿದರೆ ಅಂಡಾಶಯಗಳು ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟುವುದೂ ಉಂಟು. ಇದು ಅಂಡ ತೆಗೆದ ಕೆಲವು ದಿನಗಳ ಮೇಲೆ, ಎಂದರೆ ಯಾತ್ರಿಕರು ವಿಮಾನ ಹತ್ತುವ ಹೊತ್ತಿಗೆ, ಕಾಣಿಸಿಕೊಳ್ಳಬಲ್ಲದು. ಇನ್ನೊಂದು, ಹಣ ಕೊಟ್ಟು ದೂರ ಬಂದವರು ಒಂದೇ ಸಲಕ್ಕೆ ಕೆಲಸ ಮುಗಿಯಲೆಂದು ಎರಡು ಮೂರು ಭ್ರೂಣಗಳನ್ನು ಇಡಿಸಿಕೊಳ್ಳುವುದು. ಅವಳಿ ತ್ರಿವಳಿಗಳಾದರೆ ದಿನ ತುಂಬುವ ಮೊದಲೇ ಹೆರಿಗೆ. ಶಿಶುಗಳಿಗೆ ವಾರಗಟ್ಟಲೆ ಕಾವುಪೆಟ್ಟಿಗೆ.

ಇಂದು ನಮ್ಮವರು ಹೊರಕ್ಕೆ ನೋಡುತ್ತಿದ್ದಾರೆ. ಆದರೆ ಒಂದು ಕಾಲಕ್ಕೆ ಜಗತ್ತೇ ನಮ್ಮ ಕಡೆಗೆ ನೋಡುತ್ತಿತ್ತು. ಗುಜರಾತಿನ ಆನಂದ್ ಎಂದೊಡನೆ ನಮಗೆ ನೆನಪಾಗುವುದು ಹಾಲಿನ ಸಹಕಾರ ಸಂಘ. ಅದೇ ಊರಿನಲ್ಲಿ 2004ರಲ್ಲಿ ಒಬ್ಬ ತಾಯಿ, ಇಂಗ್ಲೆಂಡಿನಲ್ಲಿ ನೆಲೆಸಿದ್ದ ತನ್ನ ಮಗಳಿಗಾಗಿ ಅವಳಿ ಮಕ್ಕಳನ್ನು ಹೆತ್ತುಕೊಟ್ಟಳು. ಅಜ್ಜಿಯ ಒಡಲಲ್ಲಿ ಮೊಮ್ಮಕ್ಕಳು ಹುಟ್ಟಿದ ಈ ಸುದ್ದಿ ದೇಶವಿದೇಶಗಳಿಗೆ ಹರಡಿತು. ಅನಂತರದ ಕೆಲವೇ ವರ್ಷಗಳಲ್ಲಿ ಆ ಊರು ವಿದೇಶೀಯರ ಯಾತ್ರಾಸ್ಥಳವೇ ಆಯಿತು. ಬಡ ಹೆಂಗಸರು ಒಂಬತ್ತು ತಿಂಗಳು ವಸತಿಗೃಹದಲ್ಲಿದ್ದು, ಗರ್ಭವನ್ನು ಹೊತ್ತು, ಮಗುವನ್ನು ಒಪ್ಪಿಸಿ, ಹಣ ಪಡೆದು ಮನೆಗೆ ಹಿಂದಿರುಗುತ್ತಿದ್ದರು. ಆ ಹಣದಿಂದ ಮನೆ ಕಟ್ಟಿಸಿಕೊಂಡವರು, ಮಕ್ಕಳನ್ನು ಓದಿಸಿದವರು ಇದ್ದಾರೆಂಬುದನ್ನೂ ಹೇಳಬೇಕು. ಅವರನ್ನು ಕೇವಲ ಬಲಿಪಶುಗಳೆಂದು ಬಗೆಯುವುದು ಸರಿಯಲ್ಲ. ಆದರೆ 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೊರಡಿಸಿದ ಮಾರ್ಗಸೂಚಿಗಳನ್ನು ಬಿಟ್ಟರೆ ಈ ವ್ಯವಹಾರಕ್ಕೆ ಯಾವ ಕಾಯಿದೆಯ ಕಟ್ಟೂ ಇರಲಿಲ್ಲ.

ಕಟ್ಟಿಲ್ಲದ್ದರ ಫಲ 2008ರಲ್ಲಿ ಕಂಡಿತು. ಜಪಾನಿನ ದಂಪತಿಗಳು ಆನಂದ್‌ನಲ್ಲಿ ಇಂತಹ ಏರ್ಪಾಡು ಮಾಡಿಕೊಂಡಿದ್ದರು. ಮಗು ಹುಟ್ಟುವ ಮೊದಲೇ ಅವರು ವಿಚ್ಛೇದನ ಪಡೆದರು. ಪತ್ನಿ ಮಗುವನ್ನು ಒಲ್ಲೆನೆಂದಳು. ಜುಲೈನಲ್ಲಿ ಹೆಣ್ಣುಮಗು ಜನಿಸಿತು. ಅಂಡವನ್ನು ಕೊಟ್ಟವಳು ಒಬ್ಬಳು, ಹೊತ್ತವಳು ಇನ್ನೊಬ್ಬಳು, ಬಯಸಿದ್ದವಳು ಮತ್ತೊಬ್ಬಳು: ಮೂವರು ತಾಯಂದಿರಿದ್ದೂ ರಹದಾರಿಯ ಮೇಲೆ ಬರೆಯಲು ಒಬ್ಬ ತಾಯಿಯೂ ಇಲ್ಲ. ತಂದೆಯ ತಾಯಿ, ಎಪ್ಪತ್ತರ ವೃದ್ಧೆ, ಜಪಾನಿನಿಂದ ಬಂದು ಮೊಮ್ಮಗಳನ್ನು ನೋಡಿಕೊಂಡಳು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕಡೆಗೆ ರಹದಾರಿಗೆ ಬದಲಾಗಿ ಒಂದು ಗುರುತಿನ ಪ್ರಮಾಣಪತ್ರವನ್ನು ಪಡೆದು ಮಗು ಅಜ್ಜಿಯೊಡನೆ ಊರು ಸೇರಿತು. ಅದೇ ವರ್ಷ ಅದೇ ಊರಿನಲ್ಲಿ ಜರ್ಮನಿಯ ದಂಪತಿಗಳಿಗಾಗಿ ಹುಟ್ಟಿದ ಅವಳಿಗಳ ಕಥೆ ಇನ್ನೂ ದೀರ್ಘ. ಜರ್ಮನಿಯು ಬಾಡಿಗೆ ತಾಯ್ತನವನ್ನು ಒಪ್ಪದು. ಭಾರತ ರಹದಾರಿ ಕೊಡದು. ಯಾವ ದೇಶದ ಪ್ರಜೆಗಳೂ ಅಲ್ಲದೆ ಆ ಮಕ್ಕಳು ಎರಡು ವರ್ಷಕ್ಕೂ ಮಿಗಿಲಾಗಿ ಇಲ್ಲಿಯೇ ಉಳಿಯಬೇಕಾಯಿತು.

2009ರಲ್ಲಿ ಕಾನೂನು ಆಯೋಗವು ತನ್ನ 228ನೆಯ ವರದಿಯಲ್ಲಿ ಹಣಕ್ಕಾಗಿ ನಡೆಯುವ ಬಾಡಿಗೆ ತಾಯ್ತನವನ್ನು ನಿಷೇಧಿಸಬೇಕೆಂದು ಶಿಫಾರಸು ಮಾಡಿತು. 2012ರಲ್ಲಿ ಗೃಹ ಖಾತೆ ವಿದೇಶೀಯರಿಗೆ ವೈದ್ಯಕೀಯ ವೀಸಾ ಕಡ್ಡಾಯಗೊಳಿಸಿ, ಮದುವೆಯಾಗಿ ಎರಡು ವರ್ಷವಾದ ಸ್ತ್ರೀಪುರುಷ ದಂಪತಿಗಳಿಗೆ ಮಾತ್ರ ಅವಕಾಶವೆಂದಿತು. 2015ರ ನವೆಂಬರಿನಲ್ಲಿ ವಿದೇಶೀಯರಿಗೆ ಬಾಗಿಲು ಪೂರ್ತಿ ಮುಚ್ಚಿತು.

ಆದರೆ ಒಂದು ಊರಿನಲ್ಲಿ ಸಂತೆ ನಿಂತರೆ ಪಕ್ಕದ ಊರಿನಲ್ಲಿ ಸೇರುತ್ತದೆ. 2012ರ ಕಟ್ಟುಪಾಡಿನ ಅನಂತರ ಅನೇಕರು ಥಾಯ್‌ಲೆಂಡಿಗೆ ಹೋದರು. 2014ರಲ್ಲಿ ಅಲ್ಲಿ ಆಸ್ಟ್ರೇಲಿಯದ ದಂಪತಿಗಳಿಗಾಗಿ ಹುಟ್ಟಿದ್ದ ಅವಳಿಗಳ ಪೈಕಿ ಹುಡುಗಿ ಆಸ್ಟ್ರೇಲಿಯಕ್ಕೆ ಹೋಗಿ, ಡೌನ್ ಸಿಂಡ್ರೋಮ್ ಇದ್ದ ಹುಡುಗ ಹೆತ್ತವಳಲ್ಲಿಯೇ ಉಳಿದ ಸುದ್ದಿ ಜಗತ್ತನ್ನು ಕಲಕಿತು. ದಂಪತಿಗಳು ಹುಡುಗನನ್ನು ತೊರೆದರೆಂಬ ಆರೋಪ ನಿಜವಲ್ಲವೆಂದು ಆಸ್ಟ್ರೇಲಿಯದ ನ್ಯಾಯಾಲಯ 2016ರಲ್ಲಿ ಹೇಳಿತಾದರೂ, ಅಷ್ಟರೊಳಗೆ ಥಾಯ್‌ಲೆಂಡ್ ಕಾಯಿದೆ ತಂದು ವಿದೇಶೀಯರನ್ನು ಹೊರಗಿಟ್ಟಿತ್ತು. ಸಂತೆ ನೇಪಾಳಕ್ಕೆ ಸರಿಯಿತು. ಅಲ್ಲಿ ಗರ್ಭ ಹೊತ್ತವರಲ್ಲಿ ಹೆಚ್ಚಿನವರು ಗಡಿ ದಾಟಿ ಹೋದ ಭಾರತದ ಹೆಂಗಸರೇ. 2015ರ ಏಪ್ರಿಲ್ 25ರ ಭೂಕಂಪದ ಮೇಲೆ ಇಸ್ರೇಲಿನ ವಿಮಾನಗಳು ಕಠ್ಮಂಡುವಿಗೆ ಬಂದು, ತಮ್ಮ ಪ್ರಜೆಗಳಿಗಾಗಿ ಹುಟ್ಟಿದ್ದ ಹಸುಗೂಸುಗಳನ್ನು ಹೊತ್ತೊಯ್ದವು. ಹೆತ್ತವರು ಬಿರುಕುಬಿಟ್ಟ ಊರಿನಲ್ಲಿ ಉಳಿದರು. ಅದೇ ವರ್ಷ ನೇಪಾಳವೂ ನಿಷೇಧಿಸಿತು. ಮುಂದೆ ಕಾಂಬೋಡಿಯ; ಅಲ್ಲಿ 2016ರಲ್ಲಿ ನಿಷೇಧ. 2018ರಲ್ಲಿ ಅಲ್ಲಿಯ ಸರ್ಕಾರ ಗರ್ಭಿಣಿಯರನ್ನೇ ಬಂಧಿಸಿ, ಹುಟ್ಟುವ ಮಕ್ಕಳನ್ನು ತಾವೇ ಸಾಕುವುದಾಗಿ ಒಪ್ಪಿದ ಮೇಲೆ ಬಿಡುಗಡೆ ಮಾಡಿತು. ಬಡತನ ನೀಗಲೆಂದು ಗರ್ಭ ಧರಿಸಿದವಳ ಮಡಿಲಿಗೆ, ತನ್ನ ರಕ್ತವಲ್ಲದ ಮಗುವನ್ನು ನ್ಯಾಯಾಲಯವೇ ಹಾಕಿದ ಸಂಗತಿ ಇದು.

ಉಕ್ರೇನಿನದು ಬೇರೆ ಬಗೆ. ಅಲ್ಲಿ ಕಾಯಿದೆಯ ಒಪ್ಪಿಗೆಯೇ ಇತ್ತು. ದಂಪತಿಗಳನ್ನೇ ತಂದೆತಾಯಿಗಳೆಂದು ಜನನಪತ್ರದಲ್ಲಿ ದಾಖಲಿಸುವ ಪದ್ಧತಿಯೂ ಇತ್ತು. ಆದರೂ 2020ರ ಮಹಾಮಾರಿಯಲ್ಲಿ ಗಡಿಗಳು ಮುಚ್ಚಿದಾಗ, ಕೀವ್ ನಗರದ ಹೋಟೆಲೊಂದರಲ್ಲಿ ಹತ್ತಾರು ಶಿಶುಗಳು ಸಾಲು ತೊಟ್ಟಿಲುಗಳಲ್ಲಿ ಅಳುತ್ತ ಮಲಗಿದ್ದ ದೃಶ್ಯವನ್ನು ಜಗತ್ತು ನೋಡಿತು. 2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾದಾಗ ಅದೇ ಊರಿನಲ್ಲಿ ದಾದಿಯರು ನೆಲಮಾಳಿಗೆಗಳಲ್ಲಿ ಶಿಶುಗಳನ್ನು ಕಾಪಾಡಿದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನ್ಯಾಯಾಲಯದ ಆಧಾರ ಗಟ್ಟಿಯಾಗಿದೆ. ಖರ್ಚು ಒಂದು ಲಕ್ಷ ಡಾಲರನ್ನು ಮೀರುತ್ತದೆ. ಇಂಗ್ಲೆಂಡಿನಲ್ಲಿ ಹೆತ್ತವಳೇ ಕಾನೂನಿನ ಪ್ರಕಾರ ತಾಯಿ. ನ್ಯಾಯಾಲಯದ ಆದೇಶದ ಅನಂತರವೇ ತಾಯ್ತನ ಬದಲಾಗುವುದು. ಇಟಲಿಯಂತೂ 2024ರ ಅಕ್ಟೋಬರಿನಲ್ಲಿ, ತನ್ನ ಪ್ರಜೆಗಳು ಹೊರದೇಶದಲ್ಲಿ ಇದನ್ನು ಮಾಡಿಸಿಕೊಂಡರೂ ಅಪರಾಧವೆಂದು ಶಾಸನ ಮಾಡಿತು.

ನಮ್ಮ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆ 2021ರದು. 2022ರ ಜನವರಿ 25ರಿಂದ ಜಾರಿಯಲ್ಲಿದೆ. ಹೊರುವವಳಿಗೆ ಆಸ್ಪತ್ರೆಯ ಖರ್ಚು, ವಿಮೆ ಮೊದಲಾದುವನ್ನು ಬಿಟ್ಟು ಪ್ರತಿಫಲ ಕೊಡುವಂತಿಲ್ಲ. ಆಕೆ 25ರಿಂದ 35ರೊಳಗಿನವಳು, ವಿವಾಹವಾದವಳು, ಸ್ವಂತ ಮಗುವುಳ್ಳವಳು ಆಗಿರಬೇಕು. ಜನ್ಮದಲ್ಲಿ ಒಂದೇ ಸಲ. 36 ತಿಂಗಳ ವಿಮೆಯನ್ನು ದಂಪತಿಗಳು ಮಾಡಿಸಬೇಕು. ಮಗು ಬಯಸುವ ಪತ್ನಿ 23ರಿಂದ 50, ಪತಿ 26ರಿಂದ 55 ವರ್ಷದೊಳಗಿರಬೇಕು. ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಮಗು ಯಾರದೆಂಬುದನ್ನು ನಿರ್ಧರಿಸುವ ಪ್ರಥಮ ದರ್ಜೆ ನ್ಯಾಯಾಧೀಶರ ಆದೇಶ, ಇವೆರಡೂ ಅಗತ್ಯ. 35ರಿಂದ 45 ವಯಸ್ಸಿನ ವಿಧವೆ ಅಥವಾ ವಿಚ್ಛೇದಿತೆಗೂ ಅವಕಾಶವಿದೆ. ದಾನಿಗಳ ಅಂಡ, ವೀರ್ಯಾಣುಗಳನ್ನು 2023ರ ಮಾರ್ಚಿನಲ್ಲಿ ನಿಷೇಧಿಸಿ, 2024ರ ಫೆಬ್ರವರಿಯಲ್ಲಿ, ದಂಪತಿಗಳಲ್ಲಿ ಒಬ್ಬರಿಗೆ ವೈದ್ಯಕೀಯ ಕಾರಣವಿದ್ದರೆ ಬಳಸಬಹುದೆಂದು ಸಡಿಲಿಸಲಾಯಿತು. ಹಣದ ವ್ಯವಹಾರ ನಡೆಸುವವರಿಗೆ 10 ವರ್ಷದವರೆಗೆ ಸೆರೆವಾಸ, 10 ಲಕ್ಷದವರೆಗೆ ದಂಡ. ಅಂತಹುದನ್ನು ಅರಸಿಹೋಗುವ ದಂಪತಿಗಳಿಗೂ ಮೊದಲ ಸಲಕ್ಕೆ 5 ವರ್ಷದವರೆಗೆ ಶಿಕ್ಷೆಯುಂಟು.

ಕಾಯಿದೆಯ ಆಶಯ ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಣವಿಲ್ಲದ ಕಡೆ ಬಲವಂತವೂ ಇಲ್ಲವೆಂದು ಅದು ನಂಬಿದಂತಿದೆ. ಕೂಡುಕುಟುಂಬದಲ್ಲಿ ಹುಟ್ಟಿ ಬೆಳೆದವರು ಇದನ್ನು ಹಾಗೆಂದು ಒಪ್ಪಲಾರರು. ಅತ್ತೆ ಕಣ್ಣೀರಿಟ್ಟು ಕೇಳಿದರೆ ಕಿರಿಯ ಸೊಸೆ ಇಲ್ಲವೆನ್ನುವುದು ಎಷ್ಟು ಮನೆಗಳಲ್ಲಿ ಸಾಧ್ಯ? ಹಣ ಪಡೆದವಳಿಗೆ ಕರಾರುಪತ್ರವಾದರೂ ಇರುತ್ತದೆ.

ಇನ್ನು ನನಗೆ ಸ್ವಲ್ಪ ಪರಿಚಯವಿರುವ ವಿಷಯಕ್ಕೆ, ಎಂದರೆ ಆ ಕರಾರುಪತ್ರಕ್ಕೆ ಬರುತ್ತೇನೆ. ಒಟ್ಟು ಮೊತ್ತವನ್ನು ಐದು ಕಂತುಗಳಾಗಿ ವಿಂಗಡಿಸಿದ್ದರು. ಸಹಿ ಹಾಕಿದೊಡನೆ ಮೊದಲ ಕಂತು, ಅದು ಯಾವ ಕಾರಣಕ್ಕೂ ಹಿಂದಿರುಗದು. ಗರ್ಭ ನಿಲ್ಲುವ ಮೊದಲೇ ಅರ್ಧಕ್ಕಿಂತ ಹೆಚ್ಚು ಹಣ ಕೈಬಿಟ್ಟಿರುತ್ತಿತ್ತು. ‘ಖಾತರಿ ಯೋಜನೆ’ ಎಂಬ ತಲೆಬರಹದ ಕೆಳಗೆ ಸಣ್ಣಕ್ಷರಗಳಲ್ಲಿ ಇದ್ದುದು, ಮಗು ಹುಟ್ಟುವವರೆಗೆ ಯತ್ನವನ್ನು ಮುಂದುವರಿಸುವ ಭರವಸೆಯೇ ಹೊರತು ಹಣದ ಖಾತರಿಯಲ್ಲ. ಮೂರು ಭ್ರೂಣಗಳು ಮುಗಿದರೆ ಅಪರಿಚಿತ ದಾನಿಯ ಅಂಡವನ್ನು ಬಳಸಲು ಅದರಲ್ಲೇ ಒಪ್ಪಿಗೆ ಅಡಗಿತ್ತು. ಆ ತಾಯಿ ಅದನ್ನು ಗಮನಿಸಿರಲಿಲ್ಲ. ನಾನು ತೋರಿಸಿದಾಗ ಬಹಳ ಹೊತ್ತು ಮಾತನಾಡಲಿಲ್ಲ.

ದರಪಟ್ಟಿಯಲ್ಲಿ ಇಲ್ಲದಿದ್ದ ಬಾಬುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ದಿನ ತುಂಬದೆ ಹುಟ್ಟಿದರೆ ಶಿಶುವಿನ ತೀವ್ರನಿಗಾ ಘಟಕದ ವೆಚ್ಚ. ಹೊತ್ತವಳಿಗೆ ತೊಡಕಾದರೆ ಆಕೆಯ ಶಸ್ತ್ರಚಿಕಿತ್ಸೆ. ಆಕೆ ಸತ್ತರೆ ಆಕೆಯ ಮಕ್ಕಳ ಗತಿ. ಕಾಗದಪತ್ರ ಸಿಕ್ಕುವವರೆಗೆ ಆ ದೇಶದಲ್ಲಿ ವಾಸ. ಡಾಲರಿನ ದರದ ಏರಿಳಿತ. ವ್ಯಾಜ್ಯವಾದರೆ ಯಾವ ನ್ಯಾಯಾಲಯ? ಚಿಕಿತ್ಸಾಲಯ ಒಂದು ದೇಶದ್ದು, ಹಣ ಸೇರಬೇಕಾದ ಮಧ್ಯವರ್ತಿಯ ಖಾತೆ ಮತ್ತೊಂದು ದೇಶದ್ದು, ಹೆರಿಗೆ ಮೂರನೆಯ ದೇಶದಲ್ಲಿ. ಹಣ ಪಡೆಯುವವನು ಮತ್ತು ಕೆಲಸ ಮಾಡುವವನು ಬೇರೆಬೇರೆಯಾದಾಗ ಬ್ಯಾಂಕಿನವನು ಮೊದಲು ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ತಪ್ಪಿದರೆ ಹಿಡಿಯುವುದು ಯಾರನ್ನು?

ಹಣ ಕಳುಹಿಸಲು ಮಿತಿಯ ತೊಡಕಿರಲಿಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುಗಳವರೆಗೆ ಕಳುಹಿಸಬಹುದು. 10 ಲಕ್ಷ ರೂಪಾಯಿ ಮೀರಿದುದರ ಮೇಲೆ ಮೂಲದಲ್ಲಿಯೇ ತೆರಿಗೆ ವಸೂಲಾಗಿ, ಅನಂತರ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ತೊಡಕಿದ್ದುದು ಉದ್ದೇಶದ ಕಲಮಿನಲ್ಲಿ. ಇಲ್ಲಿ ದಂಡನಾರ್ಹವಾದ ವ್ಯವಹಾರವನ್ನು ‘ಚಿಕಿತ್ಸೆ’ ಎಂದು ಬರೆದು ಸಹಿ ಮಾಡುವವರು, ಕಾಯಿದೆ ಗಡಿಯಾಚೆಗೆ ಎಷ್ಟು ದೂರ ಚಾಚುತ್ತದೆಂಬುದನ್ನು ವಕೀಲರಿಂದ ಬರಹದಲ್ಲಿ ಪಡೆದಿರಬೇಡವೇ? ಅದಲ್ಲದೆ ಅವರ ಭ್ರೂಣಗಳು ಈ ನಗರದಲ್ಲಿದ್ದವು. 2021ರದೇ ಆದ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ, ಸ್ವಂತ ಉಪಯೋಗಕ್ಕಾದರೂ ಅವನ್ನು ದೇಶದ ಹೊರಗೆ ಒಯ್ಯಲು ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಮಧ್ಯವರ್ತಿ ಈ ಮಾತನ್ನೇ ಎತ್ತಿರಲಿಲ್ಲ. ಹುಟ್ಟಿದ ಮೇಲೆ ಮಗುವಿನ ಜನನವನ್ನು ಒಂದು ವರ್ಷದೊಳಗೆ ಆ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ದಾಖಲಿಸಬೇಕೆಂಬುದನ್ನೂ ಹೇಳಿರಲಿಲ್ಲ.

‘ಹಾಗಾದರೆ ಬೇಡವೆನ್ನುತ್ತೀರಾ?’ ಎಂದು ಪತಿ ಕೇಳಿದರು. ಬೇಡವೆನ್ನುವ ಅಧಿಕಾರ ನನಗಿರಲಿಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ. ಉತ್ತರಿಸದ ಪ್ರಶ್ನೆಗಳ ಮುಂದೆ ಗುರುತು ಹಾಕಿ ಹಾಳೆಯನ್ನು ಅವರ ಕಡೆಗೆ ತಿರುಗಿಸಿದೆ. ಅವರು ಅದನ್ನು ಮಧ್ಯವರ್ತಿಗೆ ಕಳುಹಿಸಿದರು. ಹತ್ತು ದಿನಗಳ ಮೇಲೆ ಬಂದ ಉತ್ತರದಲ್ಲಿ, ಈ ತಿಂಗಳೊಳಗೆ ಸಹಿ ಹಾಕಿದರೆ ಮೊದಲ ಕಂತಿನಲ್ಲಿ ರಿಯಾಯಿತಿ ಕೊಡುವುದಾಗಿ ಇತ್ತು.

ಅರ್ಜಿಯನ್ನು ಅವರು ಹಿಂದಕ್ಕೆ ಪಡೆದರು. ಪತಿಯ ತಮ್ಮನ ಹೆಂಡತಿ ದಾವಣಗೆರೆಯಲ್ಲಿದ್ದಾಳೆ. ವಯಸ್ಸು 33, ಒಬ್ಬ ಮಗ. ಕಾಯಿದೆಯ ಎಲ್ಲ ಕಲಮುಗಳಿಗೂ ಆಕೆ ಹೊಂದುತ್ತಾಳೆ. ಆಕೆಯನ್ನು ಅವರು ಕೇಳಿಲ್ಲ. ‘ಅವಳಾಗಿ ಅಂದರೆ ಬೇರೆ. ನಾನು ಕೇಳಿದರೆ ಅವಳು ಇಲ್ಲವೆನ್ನಲಾರಳು, ಅದಕ್ಕೇ ಕೇಳುವುದಿಲ್ಲ’ ಎಂದರು ಪತ್ನಿ. ದತ್ತು ಸ್ವೀಕಾರಕ್ಕೂ ಹೆಸರು ನೋಂದಾಯಿಸಿದ್ದಾರೆ. ಆ ಸರದಿಯೂ ಉದ್ದವಾದುದೇ.

ಭ್ರೂಣಗಳನ್ನು ಕಾಯಿದೆಯಂತೆ 10 ವರ್ಷಗಳವರೆಗೆ ಇಟ್ಟುಕೊಳ್ಳಬಹುದು. ಈ ವರ್ಷ ಅವರು ಶಾಖೆಗೆ ಬಂದಿದ್ದರು. ಠೇವಣಿಯಿಂದ ಒಂದು ಸಣ್ಣ ಮೊತ್ತವನ್ನು ತೆಗೆದುಕೊಂಡರು. ಶೇಖರಣೆಯ ವಾರ್ಷಿಕ ಶುಲ್ಕಕ್ಕೆಂದು. ಉಳಿದುದನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿಕೊಟ್ಟೆ.